ಶಿಕ್ಷಕರ ಸಂಘಕ್ಕೆ ನಿಜವಾಗಿ ಏನು ಬೇಕು? ತಿಳಿಯಲು ಒಪ್ಪಂದ ಓದಿ

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು ಮುಷ್ಕರಕ್ಕೆ ಇಳಿದರೆ ಸಾಕು, ಒಬ್ಬರು "ಎಲ್ಲಾ ಸಂಬಳಕ್ಕಾಗಿ" ಅಂತಾರೆ, ಇನ್ನೊಬ್ಬರು "ಎಲ್ಲಾ ಮಕ್ಕಳಿಗಾಗಿ" ಅಂತಾರೆ. ಎರಡನ್ನೂ ಸುಮ್ನೆ ನಂಬಬೇಡಿ. ಸಂಘವೂ ಶಾಲಾ ಆಡಳಿತವೂ ಸಹಿ ಹಾಕಿದ ಒಪ್ಪಂದವನ್ನೇ ಓದಿ.

ಅದಕ್ಕೂ ಮೊದಲು ಆ ಶಾಲೆಗಳಿರುವ ರಾಜ್ಯದ ಕಾನೂನು ನೋಡಿ. ವಿಸ್ಕಾನ್ಸಿನ್‌ನಲ್ಲಿ 2011ರಲ್ಲಿ ಆಕ್ಟ್ 10 ಅನ್ನುವ ಕಾನೂನು ಬಂದಾಗ ಮೂಲ ವೇತನ ಬಿಟ್ಟು ಬೇರೆ ಯಾವುದಕ್ಕೂ ಚೌಕಾಸಿ ಮಾಡುವ, ಅಂದರೆ ಎಲ್ಲರ ಪರವಾಗಿ ಆಡಳಿತದ ಜೊತೆ ಮಾತಾಡಿ ಒಪ್ಪಂದ ಮಾಡಿಕೊಳ್ಳುವ ಹಕ್ಕು ಶಿಕ್ಷಕರ ಸಂಘಗಳಿಗೆ ಉಳಿಯಲಿಲ್ಲ. ಹಾಗಿದ್ದಾಗ ಸಂಘ ಬರೀ ಸಂಬಳದ ಮಾತಾಡಿದರೆ ಅದನ್ನು ದುರಾಸೆ ಅನ್ನುವುದು ತಪ್ಪು. ಹಾಗಂತ ಕಾನೂನೇ ಎಲ್ಲಾ ಅಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಚೌಕಾಸಿಯ ಹಕ್ಕೇ ಇರಲಿಲ್ಲ, ಆದರೂ 2018ರಲ್ಲಿ ಶಿಕ್ಷಕರು ಎಲ್ಲಾ 55 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂತೆ) ಶಾಲೆ ಮುಚ್ಚಿಸಿ, ತಮಗಷ್ಟೇ ಅಲ್ಲ, ರಾಜ್ಯದ ಉಳಿದ ನೌಕರರಿಗೂ 5% ಏರಿಕೆ ಕೊಡಿಸಿದರು.

ಈಗ ಮುಖ್ಯ ಕೆಲಸ. ಹಳೆಯ ಒಪ್ಪಂದ, ಮುಷ್ಕರಕ್ಕೆ ಮುಂಚೆ ಆಡಳಿತ ಕೊಡಲು ಒಪ್ಪಿದ್ದು, ಹೊಸ ಒಪ್ಪಂದ, ಈ ಮೂರನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಲಾಸ್ ಏಂಜಲೀಸ್‌ನ 2019ರ ಮುಷ್ಕರವನ್ನೇ ತೆಗೆದುಕೊಳ್ಳಿ. ಸಂಬಳ 6% ಏರಿತು, ಆದರೆ ಅಷ್ಟನ್ನು ಕೊಡಲು ಆಡಳಿತ ಮೊದಲೇ ಒಪ್ಪಿತ್ತು. ಹಾಗಾದರೆ ಮಳೆಗೂ ಜಗ್ಗದೆ ಆರು ದಿನ ಮುಷ್ಕರ ಮಾಡಿ ಶಿಕ್ಷಕರು ಗಳಿಸಿದ್ದೇನು? ಹಳೆಯ ಒಪ್ಪಂದದಲ್ಲಿ ಒಂದು ತರಗತಿಗೆ ಇಷ್ಟೇ ಮಕ್ಕಳು ಅನ್ನುವ ಮಿತಿ ಇತ್ತು, ಜೊತೆಗೆ ಹಣದ ತೊಂದರೆ ಇದೆ ಅಂತ ಹೇಳಿ ಆ ಮಿತಿಯನ್ನು ಮೀರಲು ಆಡಳಿತಕ್ಕೆ ದಾರಿ ಬಿಡುವ ಸೆಕ್ಷನ್ 1.5 ಅನ್ನುವ ಷರತ್ತೂ ಇತ್ತು. ಆ ಷರತ್ತು ಹೋಯಿತು. ಪ್ರತಿ ಶಾಲೆಗೂ ಪೂರ್ತಿ ಸಮಯದ ನರ್ಸ್ ಕೊಡುವ ಮಾತು ಬಂತು. ಮಿತಿ ಬರೆದಿದೆ ಅಂತ ಸಮಾಧಾನ ಪಡಬೇಡಿ, ಅದರ ಕೆಳಗೆ "ಆದರೆ" ಅಂತ ಏನಿದೆ ಅಂತ ಹುಡುಕಿ.

ಆಮೇಲೆ ಸಂಘಕ್ಕೆ ಇರುಸುಮುರುಸಾಗುವ ಪುಟಗಳಿಗೆ ಬನ್ನಿ. ಕೆಲಸದಿಂದ ತೆಗೆಯುವಾಗ ಯಾರು ಮೊದಲು? ಎಷ್ಟೋ ಕಡೆ ಕೊನೆಗೆ ಸೇರಿದವರೇ ಮೊದಲು ಹೊರಗೆ. ಹೀಗೆ ಸೀನಿಯಾರಿಟಿ ನೋಡುವ ನಿಯಮ ಇದ್ದರೆ ಆಡಳಿತ ತನಗೆ ಆಗದವರನ್ನು ಆರಿಸಿ ತೆಗೆಯಲಾಗದು, ಅದು ನಿಜ. ಆದರೆ ಬಡ ಬಡಾವಣೆಗಳ ಶಾಲೆಗಳಲ್ಲಿ ಹೊಸ ಶಿಕ್ಷಕರೇ ಜಾಸ್ತಿ, ಹಾಗಾಗಿ ಪೆಟ್ಟು ಅಲ್ಲಿನ ಮಕ್ಕಳಿಗೇ ಬೀಳುತ್ತದೆ. ಈ ನಿಯಮವನ್ನು ನಾನು ಒಪ್ಪುವುದಿಲ್ಲ. ಅಂದಹಾಗೆ ಕ್ಯಾಲಿಫೋರ್ನಿಯಾದಲ್ಲಿ ಈ ನಿಯಮ ರಾಜ್ಯದ ಕಾನೂನಿನಲ್ಲೇ ಇದೆ, ಬದಲಾಯಿಸಬೇಕಾದರೆ ಶಾಸಕರನ್ನೇ ಕೇಳಬೇಕು.

ಸಂಘದ ಬಲ ಅಳೆಯಲು ಸದಸ್ಯರ ಸಂಖ್ಯೆ ನೋಡಿ. ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ಜಾನಸ್ ತೀರ್ಪಿನ ನಂತರ ಸದಸ್ಯರಲ್ಲದವರಿಂದ ಶುಲ್ಕ ವಸೂಲಿ ಮಾಡುವಂತಿಲ್ಲ, ಈಗ ಹಣ ಕಟ್ಟುವವರು ಇಷ್ಟಪಟ್ಟೇ ಕಟ್ಟುತ್ತಾರೆ.

ಸಹಿ ಬೀಳುವ ತನಕ ಕಾಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಡೆಯ ಮೊದಲ ಬೇಡಿಕೆ ಪಟ್ಟಿ ಸಾರ್ವಜನಿಕ ಸಭೆಗೆ ಬರಲೇಬೇಕು, ಜನರಿಗೆ ಮಾತಾಡಲು ಅವಕಾಶ ಕೊಡಲೇಬೇಕು. ಆ ಸಭೆಗೆ ಹೋಗಿ ತರಗತಿಯ ಮಿತಿ ಎಷ್ಟು, ಅದನ್ನು ಮೀರಿದರೆ ಏನು ಮಾಡುತ್ತೀರಿ ಅಂತ ಇಬ್ಬರನ್ನೂ ಕೇಳಿ.