ಸುಣ್ಣದ ರಾಸಾಯನಿಕ ಸೂತ್ರ ಬರೆಯುವುದು ಹೇಗೆ?

ಆವರ್ತ ಕೋಷ್ಟಕ ಎದುರಿಗಿರಲಿ. ಲೋಹಗಳು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ, ಬಿಟ್ಟಷ್ಟು ಪ್ಲಸ್ ಚಾರ್ಜ್ ಬರುತ್ತದೆ: ಸೋಡಿಯಂ +1, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ +2, ಅಲ್ಯೂಮಿನಿಯಂ +3. ಕ್ಲೋರಿನ್ ಒಂದು ಪಡೆದು -1 ಆಗುತ್ತದೆ, ಆಕ್ಸಿಜನ್ ಎರಡು ಪಡೆದು -2. ಸುಮ್ನೆ ಬಾಯಿಪಾಠ ಬೇಡ, ಹೊರಕವಚದಲ್ಲಿ ಎಂಟಕ್ಕೆ ಎಷ್ಟು ಕಮ್ಮಿ ಇದೆ, ಅಥವಾ ಎಷ್ಟು ಕಳೆದುಕೊಂಡರೆ ಒಳಗಿನ ತುಂಬಿದ ಕವಚ ಉಳಿಯುತ್ತದೆ ಅಂತ ಎಣಿಸಿ.

ಒಟ್ಟು ಚಾರ್ಜ್ ಸೊನ್ನೆ ಆಗಬೇಕು, ಅಷ್ಟೇ ಲೆಕ್ಕ. ಅಲ್ಯೂಮಿನಿಯಂ ಆಕ್ಸೈಡ್‌ನಲ್ಲಿ 2 ಅಲ್ಯೂಮಿನಿಯಂ ಅಂದರೆ +6, 3 ಆಕ್ಸೈಡ್ (ಅಂದರೆ -2 ಆದ ಆಕ್ಸಿಜನ್) ಅಂದರೆ -6, ಸರಿಹೋಯಿತು ಅಲ್ವಾ? ಚಾರ್ಜಿನ ಅಂಕಿಗಳನ್ನು ಅದಲು ಬದಲು ಮಾಡಿ ಕೆಳಗೆ ಬರೆದರೂ ಇದೇ ಬರುತ್ತದೆ, ಆದರೆ ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ 2ಕ್ಕೆ 2 ಬರುತ್ತದಲ್ಲ, ಅದನ್ನು 1ಕ್ಕೆ 1 ಮಾಡಿ.

ಜಾಸ್ತಿ ಜನ ಎಡವುವುದು ನೀರು ಹಾಕಿ ಅರಳಿಸಿದ ಸುಣ್ಣದಲ್ಲಿ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಲ್ಲಿ. ಹೈಡ್ರಾಕ್ಸೈಡ್ ಅಂದರೆ ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ ಗುಂಪು, ಅದರ ಚಾರ್ಜ್ -1, ಹಾಗಾಗಿ ಎರಡು ಬೇಕು. ಆಕ್ಸಿಜನ್, ಹೈಡ್ರೋಜನ್ ಎರಡನ್ನೂ ಸೇರಿಸಿ ಬ್ರಾಕೆಟ್ ಹಾಕಿ, ಹೊರಗೆ ಕೆಳಗೆ 2 ಬರೆಯಿರಿ. ಬ್ರಾಕೆಟ್ ಮರೆತರೆ ಆ 2 ಬರೀ ಹೈಡ್ರೋಜನ್‌ಗೆ ಅಂಟಿಕೊಳ್ಳುತ್ತದೆ. ನಾನೂ ಹಾಗೆ ಮಾರ್ಕ್ಸ್ ಕಳೆದುಕೊಂಡವನೇ.

ಕಬ್ಬಿಣ ಮಾತ್ರ ಎರಡು ವೇಷದ್ದು. ಫೆರಸ್ ಅಂದರೆ +2, ಫೆರಿಕ್ ಅಂದರೆ +3, ಆದ್ದರಿಂದ ಫೆರಿಕ್ ಕ್ಲೋರೈಡ್‌ನಲ್ಲಿ ಒಂದು ಕಬ್ಬಿಣಕ್ಕೆ ಮೂರು ಕ್ಲೋರಿನ್.