ಆಲ್ಬರಿನ್ಯೊ: ಒಂದೇ ರಸ, ಎರಡು ಟ್ಯಾಂಕು

ನಮ್ಮದು ವಿಜಯಪುರದ ಕಡೆ. ದ್ರಾಕ್ಷಿ ಚಪ್ಪರದ ಕೆಳಗೇ ಆಡಿ ಬೆಳೆದವನು ನಾನು. ಸ್ಪೇನಿನ ಗಲೀಸಿಯಾಕ್ಕೆ ವೈನ್ ಕೆಲಸ ಕಲಿಯಲು ಹೋದಾಗ ಅಲ್ಲೂ ಚಪ್ಪರವೇ ಕಂಡಿತು, ಆಲ್ಬರಿನ್ಯೊ ಎಂಬ ಬಿಳಿ ವೈನ್ ದ್ರಾಕ್ಷಿಯದು. ಆಳೆತ್ತರದ ಗ್ರಾನೈಟ್ ಕಂಬ, ಮೇಲೆ ತಂತಿ, ತಲೆಗೆ ತಾಗುವ ಗೊಂಚಲು. ಆದರೆ ಕಾಲಡಿ ಒದ್ದೆ ಹುಲ್ಲು. ಅಲ್ಲಿ ವರ್ಷಕ್ಕೆ ಸುಮಾರು 1600 ಮಿಲಿಮೀಟರ್ ಮಳೆ. ಕೆಳಗೆ ಗಾಳಿ ಆಡಲಿ, ಗೊಂಚಲಿಗೆ ಬೂಷ್ಟು ಹಿಡಿಯದಿರಲಿ ಅಂತ ಬಳ್ಳಿಯನ್ನು ಮೇಲಕ್ಕೆ ಹಬ್ಬಿಸುತ್ತಾರೆ.

ಈ ಸೀಮೆಯ ಹೆಸರು ರಿಯಾಸ್ ಬೈಶಾಸ್. ಅಂದರೆ ಕೆಳಗಿನ ಅಳಿವೆಗಳು. ಅಟ್ಲಾಂಟಿಕ್ ಸಮುದ್ರ ಬೆರಳು ಚಾಚಿದ ಹಾಗೆ ನೆಲದೊಳಕ್ಕೆ ನುಗ್ಗಿದೆ. 1988ರಲ್ಲಿ ಇಲ್ಲಿನ ವೈನಿಗೆ ಅಧಿಕೃತ ಸೀಮೆಯ ಹೆಸರು ಸಿಕ್ಕಿತು. ನಾನಿದ್ದದ್ದು ಸಲ್ನೆಸ್ ಕಣಿವೆಯಲ್ಲಿ, ಕಂಬಾದೋಸ್ ಊರಿನ ಹತ್ತಿರ.

ಆಲ್ಬರಿನ್ಯೊ ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಅಷ್ಟು ಮಳೆಯಲ್ಲೂ ಅದು ತಾಳಿಕೊಳ್ಳುವುದು ಆ ಸಿಪ್ಪೆಯಿಂದಲೇ. ಹಣ್ಣಾದ ಮೇಲೂ ಹುಳಿ ಚೆನ್ನಾಗಿ ಉಳಿಯುತ್ತದೆ. ಸೆಪ್ಟೆಂಬರಿನಲ್ಲಿ ಕೈಯಲ್ಲೇ ಕೊಯ್ದು ಚಿಕ್ಕ ಕ್ರೇಟುಗಳಿಗೆ ತುಂಬಿದೆವು. ಜಾಸ್ತಿ ಪೇರಿಸಿದರೆ ಅಡಿಯ ಹಣ್ಣು ಒಡೆದು ರಸ ಕೆಡುತ್ತದೆ.

ಎರಡನೇ ವರ್ಷ ನನ್ನ ಕೈಗೆ ಎರಡು ಚಿಕ್ಕ ಸ್ಟೀಲ್ ಟ್ಯಾಂಕು ಕೊಟ್ಟರು. ಒಂದೇ ತೋಟದ ರಸ. ಎರಡನ್ನೂ ತಣ್ಣಗೆ, 16 ಡಿಗ್ರಿಯ ಆಸುಪಾಸಿನಲ್ಲಿ ಹುದುಗಿಸಿದೆ. ಬಿಸಿಯಾದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆ. ಹುದುಗು ನಿಂತ ಮೇಲೆ ಮೊದಲನೆಯದನ್ನು ಗಸಿಯಿಂದ, ಅಂದರೆ ತಳದಲ್ಲಿ ನಿಂತ ಯೀಸ್ಟಿನಿಂದ, ಬಸಿದು, ವಸಂತದಲ್ಲಿ ಬಾಟಲಿಗೆ ಹಾಕಿದೆವು. ಮೂಗಿಗೆ ಹಿಡಿದರೆ ಪೀಚ್, ಚಕ್ಕೋತದ ಸಿಪ್ಪೆ, ಸಣ್ಣಗೆ ಹೂವಿನ ವಾಸನೆ. ಬಾಯಿಗೆ ಚುರುಕು ಹುಳಿ. ಕೊನೆಗೆ ತುಟಿಯ ಮೇಲೆ ಉಪ್ಪುಪ್ಪು. ಕಡಲ ಗಾಳಿಯ ಉಪ್ಪು ಅದು ಅಂತ ಎಷ್ಟೋ ಜನ ಹೇಳುತ್ತಾರೆ. ನನಗೆ ಮಾತ್ರ ಆ ಹುಳಿಯೇ ಹಾಗೆ ಅನ್ನಿಸುತ್ತದೆ ಎಂದೇ ತೋರುತ್ತದೆ.

ಎರಡನೆಯದನ್ನು ಗಸಿಯ ಮೇಲೆಯೇ ಬಿಟ್ಟೆ. ಸತ್ತ ಯೀಸ್ಟ್ ನಿಧಾನ ಕರಗುತ್ತಾ ವೈನಿಗೆ ಮೈ ತುಂಬುತ್ತದೆ. ವಾರಕ್ಕೊಮ್ಮೆ ಕದಡಬೇಕಿತ್ತು. ನಾನು ಆಸೆಗೆ ಬಿದ್ದು ದಿನ ಬಿಟ್ಟು ದಿನ ಮುಚ್ಚಳ ತೆಗೆದು ಕದಡಿದೆ. ಒಂದು ತಿಂಗಳಲ್ಲಿ ಬಣ್ಣ ಗಾಢವಾಯಿತು, ಪರಿಮಳ ಮಂಕಾಯಿತು. ಒಳಗೆ ಗಾಳಿ ಹೋಗಿತ್ತು. ತುಂಬಾ ಬೇಜಾರಾಯಿತು. ಅಲ್ಲಿಂದ ಕೈ ತಡೆದುಕೊಂಡೆ. ಹತ್ತು ತಿಂಗಳಿಗೆ ತೆಗೆದಾಗ ಹುಳಿ ಹಾಗೇ ಇತ್ತು, ಆದರೆ ಚುಚ್ಚುತ್ತಿರಲಿಲ್ಲ. ಬ್ರೆಡ್ಡಿನ ವಾಸನೆ, ಬಾಯಿ ತುಂಬ ನುಣುಪು. ಕಳೆದುಹೋದ ಪೀಚ್ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ.

ಆಲ್ಬರಿನ್ಯೊ ಅಂದರೆ ಎಳೆಯದಾಗಿಯೇ ಕುಡಿದು ಮುಗಿಸುವ ವೈನ್ ಅಂತ ನಾನೂ ನಂಬಿದ್ದೆ. ಆ ಟ್ಯಾಂಕು ನೋಡಿದ ಮೇಲೆ ಬೇರೆ ಬೇರೆ ಊರಿನದನ್ನು ಹುಡುಕಿ ಕುಡಿದೆ. ಕಡಲಿಗೆ ಹತ್ತಿರದ ಸಲ್ನೆಸ್‌ನದು ಚುರುಕು. ಒಳನಾಡಿನ ಕೊಂದಾದೊ ದೊ ತೆಯಾ ಬೆಚ್ಚಗಿನ ಜಾಗ, ಅಲ್ಲಿನದು ಮೃದು. ಮಿನ್ಯೊ ನದಿಯ ಮುಖದ ಒ ರೊಸಾಲ್‌ನಲ್ಲಿ ಲೊರೇರು ಎಂಬ ಇನ್ನೊಂದು ದ್ರಾಕ್ಷಿ ಬೆರೆಸುತ್ತಾರೆ, ಪರಿಮಳ ಏರುತ್ತದೆ. ನದಿ ದಾಟಿದರೆ ಪೋರ್ಚುಗಲ್. ಅಲ್ಲಿ ಇದೇ ದ್ರಾಕ್ಷಿಗೆ ಅಲ್ವರಿನ್ಯೊ ಅನ್ನುತ್ತಾರೆ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿಯಬೇಡಿ. ಎಳೆಯದು 8 ಡಿಗ್ರಿಗೆ ಚೆನ್ನ, ಗಸಿಯ ಮೇಲೆ ಇಟ್ಟದ್ದು 11–12ಕ್ಕೆ ಬಾಯಿ ಬಿಡುತ್ತದೆ. ಜೊತೆಗೆ ಹಬೆಯಲ್ಲಿ ಬೆಂದ ನೀಲಿಕಲ್ಲು (ಮಸಲ್ ಎಂಬ ಕಡಲ ಚಿಪ್ಪು) ಇದ್ದರೆ ಬೇರೇನೂ ಬೇಡ. ಆ ಅಳಿವೆಗಳಲ್ಲಿ ತೆಪ್ಪಗಳಿಂದ ಹಗ್ಗ ಇಳಿಬಿಟ್ಟು ಅದನ್ನೇ ಬೆಳೆಸುತ್ತಾರೆ.

ಎರಡನೇ ಟ್ಯಾಂಕಿನ ಮೂರು ಬಾಟಲಿ ನನ್ನ ಹತ್ತಿರ ಇವೆ. ಐದು ವರ್ಷ ತುಂಬುವವರೆಗೆ ತೆಗೆಯುವುದಿಲ್ಲ.