ಮೊದಲ ದಿನ, ಬೆನ್ನು ಮುಟ್ಟುವ ಮುಂಚೆ

"ಮೇಡಂ, ಅಮ್ಮನಿಗೆ ಒಂದ್ಸಲ ಲಟಕ್ ಅನ್ನಿಸಿಬಿಡಿ, ಸರಿ ಹೋಗುತ್ತೆ." ನ್ಯೂಜೆರ್ಸಿಯ ನನ್ನ ಕೈರೋಪ್ರಾಕ್ಟಿಕ್ ಕ್ಲಿನಿಕ್ಕಿಗೆ, ಅಂದರೆ ಬೆನ್ನು, ಕತ್ತಿನ ಕೀಲುಗಳನ್ನು ಕೈಯಿಂದ ಒತ್ತಿ ನೋವಿಗೆ ಚಿಕಿತ್ಸೆ ಕೊಡುವ ಜಾಗಕ್ಕೆ, ತಾಯಿಯನ್ನು ಕರೆತಂದ ಮಗ ಕೇಳಿದ್ದು ಇಷ್ಟೇ. ಫೋನಿನಲ್ಲಿ ವಿಡಿಯೊ ನೋಡಿಕೊಂಡು ಬಂದಿದ್ದರು. ತಾಯಿ ದಾವಣಗೆರೆ ಕಡೆಯವರು, ವಯಸ್ಸು 72. ಸೂಟ್‌ಕೇಸ್ ಎತ್ತಿದ ದಿನದಿಂದ ಬೆನ್ನು ಹಿಡಿದುಕೊಂಡಿತ್ತು.

ನಾನು ಲಟಕ್ ಅನ್ನಿಸಲಿಲ್ಲ. ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದೆ. ಕೀಲುವಾತಕ್ಕೆ ಅಂತ ಅವರು ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿದ್ದರು. ಮಗನಿಗೇ ಅದು ಗೊತ್ತಿರಲಿಲ್ಲ. ಸ್ಟೆರಾಯ್ಡ್ ಜಾಸ್ತಿ ದಿನ ತೆಗೆದುಕೊಂಡರೆ ಮೂಳೆಯ ಗಟ್ಟಿತನ ಹೋಗುತ್ತದೆ. ಬೆನ್ನಿನ ನಡುವೆ ಬೆರಳಲ್ಲಿ ಮೆಲ್ಲಗೆ ತಟ್ಟಿದೆ, "ಅಯ್ಯಪ್ಪಾ" ಅಂದರು. ಅವತ್ತೇ ಎಕ್ಸ್‌ರೇಗೆ ಕಳಿಸಿದೆ. ಬೆನ್ನುಮೂಳೆ ಒಂದು ಕಡೆ ಕುಸಿದಿತ್ತು. ಅದರ ಮೇಲೆ ನಾನು ಒತ್ತಿದ್ದರೆ? ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಅದಕ್ಕೇ ಹೊಸದಾಗಿ ಬರುವವರನ್ನು ಕೇಳಿಕೊಳ್ಳುತ್ತೇನೆ, ಏನನ್ನೂ ಮುಚ್ಚಿಡಬೇಡಿ. ರಕ್ತ ತೆಳುವಾಗುವ ಮಾತ್ರೆ, ಹಿಂದೆ ಬಂದಿದ್ದ ಕ್ಯಾನ್ಸರ್, ಬಚ್ಚಲಲ್ಲಿ ಜಾರಿ ಬಿದ್ದದ್ದು, ಎಲ್ಲವೂ ನನಗೆ ಬೇಕು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಶಕ್ತಿ ಹೋದರೆ ನನ್ನ ಹತ್ತಿರ ಬರಲೇಬೇಡಿ. ಸೀದಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಆ ಲಟಕ್ ಸದ್ದಿನ ಬಗ್ಗೆಯೂ ಹೇಳಬೇಕು. ಜಾರಿದ ಮೂಳೆ ಜಾಗಕ್ಕೆ ಕೂತ ಸದ್ದು ಅದಲ್ಲ. ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತದೆ. ಕೀಲನ್ನು ಥಟ್ಟನೆ ಎಳೆದಾಗ ಅಲ್ಲಿ ಒತ್ತಡ ಇಳಿದು ಗಾಳಿಗುಳ್ಳೆ ಏಳುತ್ತದೆ. ಬೆರಳಿನ ನಟಿಕೆ ಮುರಿದಾಗ ಆಗುವುದೂ ಅದೇ. ಅದೇ ಬೆರಳು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು, ಗಮನಿಸಿದ್ದೀರಲ್ವಾ? ಸದ್ದು ಬರಲಿಲ್ಲ ಅಂತ ಬೇಜಾರಾಗಬೇಡಿ.

ಕತ್ತಿನ ವಿಷಯದಲ್ಲಿ ನಾನು ತುಂಬಾ ಎಚ್ಚರ. ಕತ್ತನ್ನು ಥಟ್ಟನೆ ತಿರುಗಿಸಿದ ಮೇಲೆ ಅಪರೂಪಕ್ಕೆ ಅಲ್ಲಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆಗಿರುವುದುಂಟು. ಇದನ್ನು ಮೊದಲೇ ಹೇಳಿ, ನೀವು ಒಪ್ಪಿದರಷ್ಟೇ ಕೈ ಹಾಕುತ್ತೇನೆ. ಬೇಡ ಅನ್ನುವ ಹಕ್ಕು ನಿಮ್ಮದು. ಊರಿನ ಕಟಿಂಗ್ ಶಾಪಿನಲ್ಲಿ ಸುಮ್ನೆ ಕತ್ತು ತಿರುಗಿಸಲು ಮಾತ್ರ ದಯವಿಟ್ಟು ಬಿಡಬೇಡಿ.

1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರು ಮಾಡಿದರು. ಅವರ ಮೊದಲ ರೋಗಿ ಹಾರ್ವೆ ಲಿಲ್ಲಾರ್ಡ್‌ಗೆ ಬೆನ್ನು ಒತ್ತಿದ ಮೇಲೆ ಕಿವಿ ಕೇಳಿಸಿತು ಅನ್ನುವ ಕತೆ ಇದೆ. ಆ ಕತೆ ನಂಬಿಕೊಂಡು ಕಿವಿಗೆ, ಶುಗರ್‌ಗೆ, ಆಸ್ತಮಾಗೆ ಬರಬೇಡಿ. ಸೊಂಟ ನೋವಿಗೆ ಬನ್ನಿ. ಹೊಸದಾಗಿ ಬಂದ ಸೊಂಟ ನೋವಿಗೆ ಮೊದಲು ಮಾಡಿ ನೋಡಬಹುದಾದ ಉಪಾಯಗಳಲ್ಲಿ ಇದೂ ಒಂದು ಅಂತ ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಹೇಳಿದೆ. ಅಂಥ ನೋವು ಬಹಳಷ್ಟು ಸಲ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಅನ್ನುವುದೂ ನಿಜ. ಹಾಗಾಗಿ ಮೊದಲ ದಿನವೇ ಮೂವತ್ತು ಸಿಟ್ಟಿಂಗ್‌ಗೆ ದುಡ್ಡು ಕಟ್ಟಿಸಿಕೊಂಡರೆ ಕಾರಣ ಕೇಳಿ. ಚಿಕಿತ್ಸೆ ಆದ ಮೇಲೆ ಒಂದೆರಡು ದಿನ ಮೈ ಕೈ ನೋಯಬಹುದು, ಅದಕ್ಕೆ ಹೆದರಬೇಡಿ. ಮೂರ್ನಾಲ್ಕು ವಾರದಲ್ಲಿ ಬದಲಾವಣೆ ಕಾಣದಿದ್ದರೆ ನಾನೇ ಬೇರೆ ಡಾಕ್ಟರ ಹತ್ತಿರ ಕಳಿಸುತ್ತೇನೆ.

ಆ ಅಮ್ಮನಿಗೆ ಮೂಳೆ ಡಾಕ್ಟರು ಔಷಧಿ ಶುರು ಮಾಡಿದರು. ನಾನು ಕಲಿಸಿದ್ದು ಒಂದೇ. ಹಾಸಿಗೆಯಿಂದ ಥಟ್ಟನೆ ಏಳದೆ ಮಗ್ಗುಲಿಗೆ ಹೊರಳಿ, ಕೈ ಊರಿ ಏಳುವುದು.

"ಬಲ ಮಗ್ಗುಲಲ್ಲಿ ಏಳು ಅಂತ ನಮ್ಮವ್ವ ದಿನಾ ಹೇಳ್ತಿದ್ದಳು ನೋಡಮ್ಮ" ಅಂದರು.